ಸ್ಟಾರ್ಟ್‌ಅಪ್ ಕಟ್ಟುವುದು, ಅದಕ್ಕೆ ಬೆಲೆ ಕಟ್ಟುವುದು: ಮೊದಲ ಷೇರಿನಿಂದ ಮೊದಲ ಹೂಡಿಕೆಯವರೆಗೆ

‘ನಮ್ಮ ಕಂಪನಿಗೆ ಎಷ್ಟು ವ್ಯಾಲ್ಯುಯೇಶನ್ ಹೇಳಬೇಕು?’ ಓದುಗರು ಪದೇಪದೇ ಕೇಳುವ ಪ್ರಶ್ನೆ ಇದು. ಕೇಳುವವರಲ್ಲಿ ಕೆಲವರ ಕಂಪನಿ ಇನ್ನೂ ನೋಂದಣಿಯೇ ಆಗಿರುವುದಿಲ್ಲ. ಇನ್ನು ಕೆಲವರ ಕಂಪನಿ ಎರಡು ವರ್ಷದಿಂದ ಚೆನ್ನಾಗಿಯೇ ನಡೆಯುತ್ತಿರುತ್ತದೆ, ಆದರೆ ಆಪ್‌ನ ಕೋಡು ಯಾರ ಸ್ವತ್ತು ಎಂಬುದಕ್ಕೆ ಒಂದು ಹಾಳೆ ಕಾಗದವೂ ಇರುವುದಿಲ್ಲ. ಹಾಗಾಗಿ ಬೆಲೆಯ ಲೆಕ್ಕವನ್ನು ಆರನೇ ಹಂತಕ್ಕೆ ಇಟ್ಟಿದ್ದೇವೆ. ಮೊದಲ ಐದು ಹಂತ ಸರಿಯಿಲ್ಲದಿದ್ದರೆ ಆರನೆಯದರಲ್ಲಿ ನೀವು ಹೇಳುವ ಅಂಕಿ ನಿಲ್ಲುವುದಿಲ್ಲ.

ಶುರುವಿಗೇ ಒಂದು ಮಾತು. ಸೈಟಿಗೆ ಸಬ್‌ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ದರ ಇರುವಂತೆ ಸ್ಟಾರ್ಟ್‌ಅಪ್‌ಗೆ ದರಪಟ್ಟಿ ಇಲ್ಲ. ವ್ಯಾಲ್ಯುಯೇಶನ್ ಅಂದರೆ ಇಂಥ ದಿನ, ಇಂಥ ಷರತ್ತುಗಳ ಮೇಲೆ, ಒಬ್ಬ ಹೂಡಿಕೆದಾರ ಒಂದು ಷೇರಿಗೆ ಕೊಡಲು ಒಪ್ಪಿದ ದರವನ್ನು ಒಟ್ಟು ಷೇರುಗಳಿಂದ ಗುಣಿಸಿದರೆ ಬರುವ ಮೊತ್ತ, ಅಷ್ಟೇ. ಅದು ಬ್ಯಾಂಕಿನಲ್ಲಿರುವ ದುಡ್ಡಲ್ಲ. ಆನ್‌ಲೈನ್ ಪಾಠ ಮಾರುತ್ತಿದ್ದ ಬೆಂಗಳೂರಿನ ಬೈಜೂಸ್‌ಗೆ 2022ರಲ್ಲಿ 2,200 ಕೋಟಿ ಡಾಲರ್ ಬೆಲೆ ಕಟ್ಟಿದ್ದರು. 2024ರ ಜುಲೈನಲ್ಲಿ ಅದೇ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಯಿತು.

ಲೆಕ್ಕ ಕಣ್ಣಿಗೆ ಕಾಣಲೆಂದು ಒಂದು ಕಲ್ಪಿತ ಉದಾಹರಣೆ ಇಟ್ಟುಕೊಳ್ಳೋಣ. ಗಂಗಾವತಿ, ಸಿಂಧನೂರು ಕಡೆಯ ಅಕ್ಕಿ ಗಿರಣಿಗಳಿಗೆ ಲೆಕ್ಕಪತ್ರದ ಸಾಫ್ಟ್‌ವೇರ್ ಮಾಡುವ ಇಬ್ಬರು ಸ್ಥಾಪಕರು. ಒಂದೊಂದು ಗಿರಣಿಯಿಂದ ತಿಂಗಳಿಗೆ 3,000 ರೂ. ಬಾಡಿಗೆ. ಮುಂದಿನ ಅಂಕಿಗಳೆಲ್ಲ ಈ ಉದಾಹರಣೆಯವು. ನಿಮ್ಮದನ್ನು ಆ ಜಾಗದಲ್ಲಿ ಹಾಕಿಕೊಂಡು ನೋಡಿ.

ಕೈಯಲ್ಲಿ ಏನಿರಬೇಕು? ಒಂದು ಸ್ಪ್ರೆಡ್‌ಶೀಟು, ಕಂಪನಿ ಕಾನೂನು ಬಲ್ಲ ಒಬ್ಬ ಸಿಎಸ್ (ಕಂಪನಿ ಸೆಕ್ರೆಟರಿ) ಅಥವಾ ಸಿಎ (ಚಾರ್ಟರ್ಡ್ ಅಕೌಂಟೆಂಟ್), ಮತ್ತು ಒಪ್ಪಂದ ಓದಬಲ್ಲ ವಕೀಲರು. ಆದಾಯ ತೆರಿಗೆ ರಿಟರ್ನ್ ಮಾತ್ರ ಸಲ್ಲಿಸುವ ಪರಿಚಯದ ಆಡಿಟರ್ ಒಬ್ಬರಿಂದಲೇ ಈ ಕೆಲಸವೆಲ್ಲ ಆಗುವುದಿಲ್ಲ. ಷೇರು ಹಂಚಿಕೆ ಮಾಡಿ ಅಭ್ಯಾಸವಿರುವವರನ್ನು ಹುಡುಕಿ.

1. ಕಂಪನಿಗೆ ಮೊದಲು ಗಿರಾಕಿ

ನೋಂದಣಿಗೆ ಹೋಗುವ ಮುಂಚೆ ಹತ್ತು ಗಿರಣಿ ಸುತ್ತಿ. ಮಾಲೀಕರ ಕೋಣೆಯಲ್ಲಿ ಕೂತು ಕಾಫಿ ಕುಡಿದು ಬಂದರೆ ಏನೂ ಗೊತ್ತಾಗುವುದಿಲ್ಲ. ವೇಬ್ರಿಡ್ಜ್ ಪಕ್ಕ ಗುಮಾಸ್ತರ ಜೊತೆ ಅರ್ಧ ದಿನ ನಿಲ್ಲಿ. ಲಾರಿ ನಂಬರು, ತುಂಬಿದ ತೂಕ, ಖಾಲಿ ತೂಕ, ಚೀಲದ ಲೆಕ್ಕ, ತೇವಾಂಶಕ್ಕೆ ಕಡಿತ ಎಲ್ಲವೂ ಮೊದಲು ಕಚ್ಚಾ ಪುಸ್ತಕಕ್ಕೆ ಹೋಗುತ್ತದೆ, ಸಂಜೆ ಇನ್ನೊಬ್ಬರು ಅದನ್ನೇ ಕಂಪ್ಯೂಟರಿಗೆ ಏರಿಸುತ್ತಾರೆ. ಒಂದು ಲಾಟು ಭತ್ತದಿಂದ ಎಷ್ಟು ಅಕ್ಕಿ, ಎಷ್ಟು ನುಚ್ಚು, ಎಷ್ಟು ತೌಡು ಬಂತು ಎಂಬುದು ತಿಂಗಳ ಕೊನೆಗೆ ತಾಳೆಯಾಗದಿದ್ದರೆ, ನೀವು ಪರಿಹರಿಸಬೇಕಾದ ಸಮಸ್ಯೆ ಅಲ್ಲೇ ಇದೆ.

ಇಲ್ಲಿ ಸಾಮಾನ್ಯವಾಗಿ ಎಡವುವುದು ಹೊಗಳಿಕೆಯನ್ನು ಬೇಡಿಕೆ ಎಂದುಕೊಳ್ಳುವುದರಲ್ಲಿ. ‘ಭಾಳ ಚಲೋ ಐತ್ರಿ, ಮಾಡ್ರಿ’ ಅನ್ನುವುದು ಸೌಜನ್ಯ. ಮೂರು ತಿಂಗಳ ಬಾಡಿಗೆ ಮುಂಗಡ ಕೊಟ್ಟರೆ ಅದು ಬೇಡಿಕೆ. ಉಚಿತ ಟ್ರಯಲ್ ಕೊಡುವುದಾದರೂ ಮುಗಿಯುವ ದಿನಾಂಕ ಬರೆದೇ ಕೊಡಿ.

2. ನೋಂದಣಿ, ಮತ್ತು ಷೇರಿನ ಸಂಖ್ಯೆ

ಹೊರಗಿನ ಹೂಡಿಕೆ ತರುವ ಯೋಚನೆ ಇದ್ದರೆ ಪ್ರೈವೇಟ್ ಲಿಮಿಟೆಡ್ ಕಂಪನಿಯೇ ಆಗಬೇಕು. ಎಲ್‌ಎಲ್‌ಪಿಯಲ್ಲಿ, ಅಂದರೆ ಸೀಮಿತ ಹೊಣೆಯ ಪಾಲುದಾರಿಕೆಯಲ್ಲಿ, ಷೇರು ಎಂಬುದೇ ಇಲ್ಲ, ಆದ್ದರಿಂದ ಸ್ಟಾರ್ಟ್‌ಅಪ್‌ಗಳಲ್ಲಿ ದುಡ್ಡು ಹೂಡುವ ವೆಂಚರ್ ಫಂಡುಗಳು ಅದರತ್ತ ನೋಡುವುದಿಲ್ಲ. ಕನಿಷ್ಠ ಇಬ್ಬರು ನಿರ್ದೇಶಕರು, ಇಬ್ಬರು ಷೇರುದಾರರು ಬೇಕು. ನಿರ್ದೇಶಕರಲ್ಲಿ ಒಬ್ಬರಾದರೂ ವರ್ಷಕ್ಕೆ 182 ದಿನ ಭಾರತದಲ್ಲಿ ಇರುವವರಾಗಿರಬೇಕು. ಅಮೆರಿಕದಲ್ಲಿರುವ ಸ್ಥಾಪಕರೊಂದಿಗೆ ಸೇರಿ ಕಂಪನಿ ಮಾಡುವ ಕನ್ನಡಿಗರು ಈ ಕೊನೆಯ ಅಂಶವನ್ನು ಮೊದಲೇ ನೋಡಿಕೊಳ್ಳಬೇಕು. ಸ್ಪೈಸ್ ಪ್ಲಸ್ ಎಂಬ ಒಂದೇ ಅರ್ಜಿಯಲ್ಲಿ ಹೆಸರು, ನೋಂದಣಿ, ಪ್ಯಾನ್, ಟ್ಯಾನ್ ಎಲ್ಲ ಮುಗಿಯುತ್ತದೆ.

ಅಧಿಕೃತ ಬಂಡವಾಳ, ಅಂದರೆ ಕಂಪನಿ ಗರಿಷ್ಠ ಎಷ್ಟು ಮುಖಬೆಲೆಯ ಷೇರು ಕೊಡಬಹುದು ಎಂಬ ಮಿತಿ, 15 ಲಕ್ಷ ರೂ. ಒಳಗಿದ್ದರೆ ಕೇಂದ್ರದ ನೋಂದಣಿ ಶುಲ್ಕ ಇಲ್ಲ. ರಾಜ್ಯದ ಮುದ್ರಾಂಕ ಶುಲ್ಕ ಬೇರೆ.

ಷೇರಿನ ಸಂಖ್ಯೆಯ ಬಗ್ಗೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ, ಆಮೇಲೆ ಕಷ್ಟಪಡುತ್ತಾರೆ. ಏಜೆಂಟರು ಮಾಮೂಲಿಯಾಗಿ 10 ರೂ. ಮುಖಬೆಲೆಯ 10,000 ಷೇರು ಮಾಡಿಕೊಡುತ್ತಾರೆ. ಮುಂದೆ ಉದ್ಯೋಗಿಯೊಬ್ಬರಿಗೆ ಶೇ 0.15 ಕೊಡಬೇಕು ಅಂದಾಗ 15 ಷೇರು ಆಗುತ್ತದೆ, 0.125 ಅಂದರೆ ಹನ್ನೆರಡೂವರೆ. ಅರ್ಧ ಷೇರು ಕೊಡಲಾಗದು. 1 ರೂ. ಮುಖಬೆಲೆಯ 1,00,000 ಷೇರು ಮಾಡಿ, ಇಬ್ಬರಿಗೂ 50,000ದಂತೆ ಹಂಚಿ. ಕೈಯಿಂದ ಹಾಕುವ ದುಡ್ಡು ಅದೇ 1 ಲಕ್ಷ, ಮುಂದಿನ ಲೆಕ್ಕ ಸಲೀಸು.

ನೋಂದಣಿಯಾದ 180 ದಿನದೊಳಗೆ ಈ 1 ಲಕ್ಷ ಕಂಪನಿಯ ಬ್ಯಾಂಕ್ ಖಾತೆಗೆ ಬಂದಿರಬೇಕು, ಐಎನ್‌ಸಿ-20ಎ ಎಂಬ ಘೋಷಣೆ ಸಲ್ಲಿಕೆಯಾಗಿರಬೇಕು. ಇದನ್ನು ಮರೆಯುವವರು ಬಹಳ. ಮರೆತರೆ ಕಂಪನಿಗೆ 50,000 ರೂ.ವರೆಗೆ ದಂಡ, ನಿರ್ದೇಶಕರಿಗೆ ಬೇರೆ. ಷೇರು ಪ್ರಮಾಣಪತ್ರ ಎರಡು ತಿಂಗಳೊಳಗೆ ಕೊಡಬೇಕು.

ಡಿಪಿಐಐಟಿ ಮಾನ್ಯತೆ, ಅಂದರೆ ಕೇಂದ್ರ ಸರ್ಕಾರ ‘ಇದು ಸ್ಟಾರ್ಟ್‌ಅಪ್’ ಎಂದು ಗುರುತಿಸುವುದು, ಸ್ಟಾರ್ಟ್‌ಅಪ್ ಇಂಡಿಯಾ ಪೋರ್ಟಲ್‌ನಲ್ಲಿ ಉಚಿತ. ಇದಕ್ಕೆ ಸಾವಿರಾರು ರೂಪಾಯಿ ಕೇಳುವವರಿದ್ದಾರೆ. ಅದು ಅವರ ಕೂಲಿ, ಸರ್ಕಾರದ ಶುಲ್ಕವಲ್ಲ. ಈ ಮಾನ್ಯತೆ ಸಿಕ್ಕ ತಕ್ಷಣ ಮೂರು ವರ್ಷದ ತೆರಿಗೆ ವಿನಾಯಿತಿ ಬಂತು ಎಂದುಕೊಳ್ಳಬೇಡಿ. ಅದಕ್ಕೆ ಬೇರೆ ಅರ್ಜಿ, ಬೇರೆ ಮಂಡಳಿಯ ಒಪ್ಪಿಗೆ ಬೇಕು.

3. ಯಾವುದು ಯಾರದು: ಸ್ಥಾಪಕರ ಒಪ್ಪಂದ ಮತ್ತು ಕೋಡಿನ ಹಕ್ಕು

ಹೂಡಿಕೆಯ ಮಾತುಕತೆ ಮುರಿದುಬೀಳುವುದು ಬೆಲೆಯ ಮೇಲಷ್ಟೇ ಅಲ್ಲ, ಈ ಹಂತದ ಕಾಗದ ಇಲ್ಲದೆಯೂ ಮುರಿಯುತ್ತದೆ.

ಮೊದಲು ವೆಸ್ಟಿಂಗ್. ಸ್ಥಾಪಕರ ಷೇರು ಹೆಸರಿಗೆ ಮೊದಲ ದಿನವೇ ಬಂದರೂ, ಕೆಲಸ ಮಾಡಿದಷ್ಟೂ ಅದು ಗಟ್ಟಿಯಾಗುತ್ತ ಹೋಗುವ ಏರ್ಪಾಡು ಇದು. ರೂಢಿಯಲ್ಲಿರುವುದು ನಾಲ್ಕು ವರ್ಷ. ಮೊದಲ ವರ್ಷ ಪೂರ್ತಿಯಾಗುವ ತನಕ ಏನೂ ಇಲ್ಲ, ಆಮೇಲೆ ತಿಂಗಳಿಗಿಷ್ಟು. 50,000 ಷೇರಿನ ಸ್ಥಾಪಕ 18ನೇ ತಿಂಗಳಿಗೆ ಬಿಟ್ಟುಹೋದರೆ 48ರಲ್ಲಿ 18 ಭಾಗ, ಅಂದರೆ 18,750 ಷೇರು ಅವರದು. ಉಳಿದ 31,250 ವಾಪಸ್. ಈ ಏರ್ಪಾಡು ಇಲ್ಲದಿದ್ದರೆ ಎಂಟು ತಿಂಗಳು ಕೆಲಸ ಮಾಡಿ ಕೆನಡಾಕ್ಕೆ ಹೋದವರ ಹೆಸರಿನಲ್ಲಿ ಅರ್ಧ ಕಂಪನಿ ಕೂತಿರುತ್ತದೆ. ಅಂಥ ಕಂಪನಿಗೆ ಯಾರೂ ದುಡ್ಡು ಹಾಕುವುದಿಲ್ಲ.

‘ವಾಪಸ್’ ಎಂದು ಬರೆದರಷ್ಟೇ ಸಾಲದು, ಯಾರಿಗೆ ವಾಪಸ್ ಎಂದು ಬರೆಯಬೇಕು. ಕಂಪನಿಯೇ ಕೊಳ್ಳಲು ಹೊರಟರೆ ಬೈಬ್ಯಾಕ್ ನಿಯಮಗಳು ಅಡ್ಡ ಬರುತ್ತವೆ. ಉಳಿದ ಸ್ಥಾಪಕರು ಮುಖಬೆಲೆಗೆ ಕೊಳ್ಳುವ ಹಕ್ಕನ್ನು ಒಪ್ಪಂದದಲ್ಲಿ ಇಡುವುದು ಸಾಮಾನ್ಯ ದಾರಿ. ನಿಜವಾದ ಬೆಲೆಗಿಂತ ಕಡಿಮೆಗೆ ಕೊಂಡರೆ ಕೊಂಡವರಿಗೆ ತೆರಿಗೆ ಬೀಳಬಹುದು, ಸಿಎ ಅವರನ್ನು ಕೇಳಿಕೊಂಡೇ ಬರೆಸಿ.

ಎರಡನೆಯದು ಕೋಡು. ಸಂಬಳದ ಉದ್ಯೋಗಿ ಕೆಲಸದ ಭಾಗವಾಗಿ ಬರೆದ ಕೋಡಿಗೆ ಕಂಪನಿಯೇ ಮೊದಲ ಹಕ್ಕುದಾರ. ಆದರೆ ಫ್ರೀಲ್ಯಾನ್ಸರ್ ಬರೆದದ್ದು, ನೀವು ದುಡ್ಡು ಕೊಟ್ಟಿದ್ದರೂ, ಬರಹದಲ್ಲಿ ವರ್ಗಾಯಿಸದ ಹೊರತು ಅವರದೇ. ಕಂಪನಿ ಹುಟ್ಟುವ ಮುಂಚೆ ಸ್ಥಾಪಕರೇ ಬರೆದ ಕೋಡಿಗೂ ಇದೇ ಮಾತು. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನಲ್ಲಿ ಮೂರು ಗುಂಡಿಗಳಿವೆ. ವರ್ಗಾವಣೆ ಪತ್ರದಲ್ಲಿ ಅವಧಿ ಬರೆಯದಿದ್ದರೆ ಐದು ವರ್ಷ ಎಂದೇ ಅರ್ಥ. ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಒಂದು ವರ್ಷದೊಳಗೆ ಆ ಹಕ್ಕನ್ನು ಬಳಸದಿದ್ದರೆ, ಪತ್ರದಲ್ಲಿ ಬೇರೆ ರೀತಿ ಹೇಳಿರದ ಪಕ್ಷದಲ್ಲಿ, ವರ್ಗಾವಣೆಯೇ ಬಿದ್ದುಹೋಗುತ್ತದೆ. ಆದ್ದರಿಂದ ‘ಶಾಶ್ವತವಾಗಿ, ಜಗತ್ತಿನಾದ್ಯಂತ, 19(4) ಅನ್ವಯಿಸದಂತೆ’ ಎಂಬ ಮೂರೂ ಮಾತು ಆ ಪತ್ರದಲ್ಲಿರಲಿ.

ಇದರ ಜೊತೆಗೆ ಡೊಮೇನ್ ಹೆಸರು, ಪ್ಲೇ ಸ್ಟೋರ್ ಖಾತೆ, ಕ್ಲೌಡ್ ಸರ್ವರ್ ಖಾತೆ, ಗಿಟ್‌ಹಬ್ ಇವೆಲ್ಲ ಕಂಪನಿಯ ಇಮೇಲ್‌ನಲ್ಲಿರಬೇಕು. ಸ್ಥಾಪಕರ ಸ್ವಂತ ಜಿಮೇಲ್‌ನಲ್ಲಿ ಅಲ್ಲ.

ಮೂರನೆಯದು ಕೈಸಾಲ. ‘ಗೆಳೆಯರು ಐದು ಲಕ್ಷ ಕೊಟ್ಟರು, ಕಂಪನಿ ಖಾತೆಗೆ ಹಾಕಿಕೊಂಡೆವು.’ ಕೇಳಲು ಎಷ್ಟು ಸಹಜವೋ ಕಾನೂನಿನಲ್ಲಿ ಅಷ್ಟೇ ತೊಡಕು. ಕಂಪನಿ ಹೊರಗಿನವರಿಂದ ಹೀಗೆ ಪಡೆಯುವ ಸಾಲ ‘ಠೇವಣಿ’ ಅನ್ನಿಸಿಕೊಳ್ಳುತ್ತದೆ, ಪ್ರೈವೇಟ್ ಕಂಪನಿಗೆ ಅದು ನಿಷಿದ್ಧ. ನಿರ್ದೇಶಕರು, ಅಥವಾ ಅವರ ಹತ್ತಿರದ ಸಂಬಂಧಿಕರು, ‘ಇದು ನನ್ನದೇ ದುಡ್ಡು, ಸಾಲ ತಂದದ್ದಲ್ಲ’ ಎಂದು ಬರೆದುಕೊಟ್ಟು ಕೊಡಬಹುದು. ಗೆಳೆಯರು ನಿಮಗೆ ಸಾಲ ಕೊಡಲಿ, ನೀವು ಅದನ್ನು ಕಂಪನಿಗೆ ಹಾಕಿದರಾಯಿತು ಎಂಬ ಜಾಣತನಕ್ಕೆ ಆ ಬರಹವೇ ಬಾಗಿಲು ಹಾಕುತ್ತದೆ. ಡಿಪಿಐಐಟಿ ಮಾನ್ಯತೆ ಇದ್ದರೆ ಕನ್ವರ್ಟಿಬಲ್ ನೋಟ್ ಎಂಬ ದಾರಿ ಇದೆ. ಈಗ ಸಾಲ, ಮುಂದೆ ಷೇರು. ಆದರೆ ಒಬ್ಬರಿಂದ ಒಂದೇ ಕಂತಿನಲ್ಲಿ ಕನಿಷ್ಠ 25 ಲಕ್ಷ ಇರಬೇಕು.

4. ಅಂಕಿಗಳು

ಹೂಡಿಕೆದಾರರು ಕೇಳುವ ಮೊದಲ ಸಂಖ್ಯೆ ಎಂಆರ್‌ಆರ್, ಅಂದರೆ ತಿಂಗಳು ತಿಂಗಳೂ ಮತ್ತೆ ಮತ್ತೆ ಬರುವ ಆದಾಯ. ನಮ್ಮ ಉದಾಹರಣೆಯಲ್ಲಿ 40 ಗಿರಣಿ, ತಲಾ 3,000. ಎಂಆರ್‌ಆರ್ 1,20,000 ರೂ. ಅದರ ಹನ್ನೆರಡು ಪಟ್ಟು 14.4 ಲಕ್ಷ, ಅದು ಎಆರ್‌ಆರ್.

ಇಷ್ಟು ಸರಳ ಲೆಕ್ಕವನ್ನೂ ಮೂರು ರೀತಿ ಕೆಡಿಸಬಹುದು. ಗಿರಣಿ ಕೊಡುವುದು 3,540 ರೂ. ಅದರಲ್ಲಿ 540 ಜಿಎಸ್‌ಟಿ, ಸರ್ಕಾರದ್ದು. ಅದನ್ನೂ ಸೇರಿಸಿ ಹೇಳಿದರೆ ನಿಮ್ಮ ಆದಾಯ ಶೇ 18 ಉಬ್ಬಿರುತ್ತದೆ, ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಜಿಎಸ್‌ಟಿ ರಿಟರ್ನ್ ಪಕ್ಕಪಕ್ಕ ಇಟ್ಟ ಮೊದಲ ದಿನವೇ ಗೊತ್ತಾಗುತ್ತದೆ. ಎರಡು, ಶುರುವಿನಲ್ಲಿ ಒಮ್ಮೆ ಪಡೆದ ಇನ್‌ಸ್ಟಾಲೇಶನ್ ಶುಲ್ಕ ಮತ್ತೆ ಬರುವುದಲ್ಲ, ಹೊರಗಿಡಿ. ಮೂರು, ವರ್ಷಕ್ಕೆ 36,000 ಒಟ್ಟಿಗೆ ಕೊಟ್ಟ ಗಿರಣಿಯದು ಆ ತಿಂಗಳ ಲೆಕ್ಕಕ್ಕೆ 3,000 ಮಾತ್ರ.

ಮುಂದಿನದು ಚರ್ನ್, ಬಿಟ್ಟುಹೋಗುವವರ ಪ್ರಮಾಣ. ತಿಂಗಳಿಗೆ 40ರಲ್ಲಿ 2 ಗಿರಣಿ ಬಿಟ್ಟರೆ ಶೇ 5. ಒಂದನ್ನು 0.05ರಿಂದ ಭಾಗಿಸಿದರೆ 20. ಅಂದರೆ ಒಂದು ಗಿರಣಿ ಸರಾಸರಿ 20 ತಿಂಗಳು ನಿಮ್ಮ ಜೊತೆ ಇರುತ್ತದೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಭತ್ತ ಬರುವುದು ನವೆಂಬರ್–ಡಿಸೆಂಬರ್‌ಗೆ, ಎರಡನೇ ಬೆಳೆಗೆ ನೀರು ಸಿಕ್ಕರೆ ಏಪ್ರಿಲ್–ಮೇಗೆ. ನಡುವಿನ ಖಾಲಿ ತಿಂಗಳಲ್ಲಿ ಗಿರಾಕಿ ‘ಸದ್ಯಕ್ಕೆ ಬೇಡ’ ಅನ್ನುತ್ತಾರೆ. ಹಾಗಾಗಿ ಸುಗ್ಗಿಯ ಮೂರು ತಿಂಗಳ ಚರ್ನ್ ತೋರಿಸಿ ಬೀಗಬೇಡಿ, ಹನ್ನೆರಡು ತಿಂಗಳದ್ದು ಇಡಿ. ವಾರ್ಷಿಕ ಪಾವತಿಗೆ ಸ್ವಲ್ಪ ರಿಯಾಯಿತಿ ಕೊಟ್ಟರೆ ಈ ಏರುಪೇರು ತಗ್ಗುತ್ತದೆ.

ಈಗ ಎಲ್‌ಟಿವಿ, ಒಂದು ಗಿರಾಕಿಯಿಂದ ಒಟ್ಟಾರೆ ಉಳಿಯುವ ದುಡ್ಡು. 3,000ದಲ್ಲಿ ಸರ್ವರ್, ಎಸ್‌ಎಂಎಸ್, ಸಹಾಯವಾಣಿಯವರ ಸಂಬಳ ಕಳೆದು ಶೇ 75 ಉಳಿಯುತ್ತದೆ ಎನ್ನೋಣ, 2,250. ಅದು 20 ತಿಂಗಳಿಗೆ 45,000 ರೂ.

ಸಿಎಸಿ ಅಂದರೆ ಒಬ್ಬ ಹೊಸ ಗಿರಾಕಿಯನ್ನು ತರಲು ತಗಲುವ ಖರ್ಚು. ಊರೂರು ಸುತ್ತುವ ಇಬ್ಬರಿಗೆ ತಲಾ 25,000 ಸಂಬಳ, ಓಡಾಟ ಮತ್ತು ಡೆಮೊಗೆ 22,000. ಒಟ್ಟು 72,000. ತಿಂಗಳಿಗೆ ಆರು ಹೊಸ ಗಿರಣಿ ಸಿಕ್ಕರೆ ತಲಾ 12,000. ಎಲ್‌ಟಿವಿಯನ್ನು ಇದರಿಂದ ಭಾಗಿಸಿದರೆ 3.75. ಮೂರಕ್ಕಿಂತ ಹೆಚ್ಚಿದ್ದರೆ ಒಳ್ಳೆಯದು ಎಂಬುದು ಈ ವಲಯದ ಮಾತು, ಹಾಗಾಗಿ ಖುಷಿಯಾಗುತ್ತದೆ. ಆದರೆ ಆ ಆರರಲ್ಲಿ ನಾಲ್ಕು ವ್ಯಾಪಾರ ಕುದುರಿಸಿದ್ದು ಸ್ವತಃ ಸ್ಥಾಪಕರು. ಅವರ ಜಾಗಕ್ಕೆ 60,000 ಸಂಬಳದ ಮ್ಯಾನೇಜರ್ ಬಂದರೆ ಖರ್ಚು 1,32,000, ತಲಾ 22,000, ಅನುಪಾತ ಎರಡರ ಆಸುಪಾಸು. ನಿಜವಾದ ಅಂಕಿ ಇದು. ಹೂಡಿಕೆದಾರರು ಕೇಳಿ ಬಾಯಿ ಬಿಡಿಸುವ ಮುಂಚೆ ನೀವೇ ಹೇಳಿಬಿಡಿ.

ಕೊನೆಗೆ ರನ್‌ವೇ, ಅಂದರೆ ಕೈಯಲ್ಲಿರುವ ದುಡ್ಡು ಎಷ್ಟು ತಿಂಗಳು ಬರುತ್ತದೆ ಎಂಬ ಲೆಕ್ಕ. ಬ್ಯಾಂಕಿನಲ್ಲಿ 48 ಲಕ್ಷ, ತಿಂಗಳ ಖರ್ಚು 7 ಲಕ್ಷ, ಬರುವುದು ಸುಮಾರು 1 ಲಕ್ಷ. ನಿವ್ವಳ ಕರಗುವುದು 6 ಲಕ್ಷ, ಎಂಟು ತಿಂಗಳಿಗೆ ಖಾಲಿ. ಹೂಡಿಕೆ ಎತ್ತಲು ಆರು ತಿಂಗಳು ಹಿಡಿದರೆ ಆಶ್ಚರ್ಯವಿಲ್ಲ, ಅಂದರೆ ಇವರು ಈಗಲೇ ತಡ ಮಾಡಿದ್ದಾರೆ. ಮೂರು ತಿಂಗಳ ದುಡ್ಡು ಉಳಿದಾಗ ಚೌಕಾಸಿಗೆ ಕೂತವರಿಗೆ ಬೆಲೆ ಹೇಳುವ ಅವಕಾಶ ಇರುವುದಿಲ್ಲ, ಒಪ್ಪುವ ಅವಕಾಶವಷ್ಟೇ.

5. ಮಾರುಕಟ್ಟೆ ಎಣಿಸಿ, ಆಮೇಲೆ ಹೂಡಿಕೆ ಬೇಕೇ ಎಂದು ಕೇಳಿಕೊಳ್ಳಿ

‘ಭಾರತದ ಅಕ್ಕಿ ವಹಿವಾಟು ಲಕ್ಷಾಂತರ ಕೋಟಿ, ಅದರಲ್ಲಿ ಶೇ 1 ಸಿಕ್ಕರೂ…’ ಎಂದು ಶುರುವಾಗುವ ಸ್ಲೈಡನ್ನು ಅಳಿಸಿಬಿಡಿ. ನೀವು ಅಕ್ಕಿ ಮಾರುತ್ತಿಲ್ಲ. ತಾಲ್ಲೂಕುವಾರು ಗಿರಣಿ ಎಣಿಸಿ. ನೀವು ತಲುಪಬಲ್ಲ ಪ್ರದೇಶದಲ್ಲಿ 800 ಗಿರಣಿ ಇವೆ ಎನ್ನೋಣ. ಎಲ್ಲರೂ ಗಿರಾಕಿಗಳಾದರೂ ವರ್ಷಕ್ಕೆ 800 ಗುಣಿಸು 36,000, ಅಂದರೆ 2.88 ಕೋಟಿ. ಅದಕ್ಕಿಂತ ಮೇಲೆ ಜಾಗವಿಲ್ಲ.

ಈಗ ಹೂಡಿಕೆದಾರರ ಕುರ್ಚಿಯಲ್ಲಿ ಕೂತು ಹಿಂದಿನಿಂದ ಲೆಕ್ಕ ಹಾಕಿ. ಅವರು 2 ಕೋಟಿ ಹಾಕಿ ಶೇ 20 ಪಡೆಯುತ್ತಾರೆ. ಮುಂದಿನ ಸುತ್ತುಗಳಲ್ಲಿ ಹೊಸ ಷೇರು ಬಂದಂತೆ ಅವರ ಪಾಲು ಶೇ 12ಕ್ಕೆ ಇಳಿಯುತ್ತದೆ. ಹಾಕಿದ್ದರ ಹತ್ತು ಪಟ್ಟು, 20 ಕೋಟಿ, ಅವರಿಗೆ ಬೇಕು. ಹತ್ತರಲ್ಲಿ ಹೆಚ್ಚಿನವು ಮುಳುಗುವ ಆಟ ಇದಾದ್ದರಿಂದ ಗೆದ್ದದ್ದು ಉಳಿದವುಗಳ ನಷ್ಟವನ್ನೂ ತುಂಬಬೇಕಲ್ಲ. 20 ಕೋಟಿ ಎಂಬುದು ಶೇ 12 ಆಗಬೇಕಾದರೆ ಕಂಪನಿ ಸುಮಾರು 167 ಕೋಟಿಗೆ ಮಾರಾಟವಾಗಬೇಕು. ವರ್ಷದ ಆದಾಯದ ಐದು ಪಟ್ಟು ಬೆಲೆ ಸಿಗುತ್ತದೆಂದರೆ ಆದಾಯ 33.3 ಕೋಟಿ ಇರಬೇಕು. 36,000ದಿಂದ ಭಾಗಿಸಿ. 9,259 ಗಿರಣಿ.

800 ಎಲ್ಲಿ, 9,259 ಎಲ್ಲಿ. ಎರಡು ದಾರಿ ಉಳಿಯುತ್ತವೆ. ಎಣ್ಣೆ ಗಾಣ, ದಾಲ್ ಮಿಲ್, ಹತ್ತಿ ಜಿನ್ನಿಂಗ್, ಆಂಧ್ರ, ತೆಲಂಗಾಣ, ತಮಿಳುನಾಡು ಎಂದು ಹಿಗ್ಗುವ ನಂಬಲರ್ಹ ಯೋಜನೆ ಇಡುವುದು ಒಂದು. ವೆಂಚರ್ ದುಡ್ಡೇ ಬೇಡ ಎಂದು ನಿರ್ಧರಿಸುವುದು ಇನ್ನೊಂದು. ಎರಡನೆಯದನ್ನು ಸೋಲು ಎಂದು ನೋಡುವವರು ಬೆಂಗಳೂರಿನ ಕೋರಮಂಗಲದಲ್ಲಿ ಕಾಫಿ ಹೆಚ್ಚು ಕುಡಿದವರು. ವರ್ಷಕ್ಕೆ ಕೋಟಿ ರೂಪಾಯಿ ಉಳಿಸುವ, ಪೂರ್ತಿ ನಿಮ್ಮದೇ ಆದ ಕಂಪನಿ ಕೆಟ್ಟದ್ದೇನಲ್ಲ. 2010ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಷೇರು ದಲ್ಲಾಳಿ ಕಂಪನಿ ಜೆರೋಧಾ ಹೊರಗಿನ ಬಂಡವಾಳ ತೆಗೆದುಕೊಳ್ಳದೆಯೇ ಬೆಳೆಯಿತು. ಪಾಲು ಕೊಡದೆ ದುಡ್ಡು ಬೇಕೆಂದರೆ ಕರ್ನಾಟಕ ಸರ್ಕಾರದ ಎಲಿವೇಟ್ ಸ್ಪರ್ಧೆ ನೋಡಿ. ಆಯ್ಕೆಯಾದ ಸ್ಟಾರ್ಟ್‌ಅಪ್‌ಗೆ 50 ಲಕ್ಷ ರೂ.ವರೆಗೆ ಅನುದಾನ, ಷೇರು ಕೇಳುವುದಿಲ್ಲ. ಹುಬ್ಬಳ್ಳಿಯ ದೇಶಪಾಂಡೆ ಸ್ಟಾರ್ಟ್‌ಅಪ್ಸ್, ಐಐಎಂ ಬೆಂಗಳೂರಿನ ಎನ್‌ಎಸ್‌ಆರ್‌ಸಿಇಎಲ್‌ನಂಥ ಇನ್‌ಕ್ಯುಬೇಟರ್‌ಗಳನ್ನೂ, ಅಂದರೆ ಹೊಸ ಕಂಪನಿಗಳನ್ನು ಬೆಳೆಸುವ ಸಂಸ್ಥೆಗಳನ್ನೂ, ವಿಚಾರಿಸಿ.

6. ಬೆಲೆ ಕಟ್ಟುವುದು

ಹಿಗ್ಗುವ ದಾರಿ ಹಿಡಿದಿದ್ದೀರಿ ಎಂದುಕೊಳ್ಳೋಣ. ಎರಡು ಪದ ಮೊದಲು. ಪ್ರೀ-ಮನಿ ಅಂದರೆ ಹೂಡಿಕೆ ಬರುವ ಮುಂಚಿನ ಬೆಲೆ. ಪೋಸ್ಟ್-ಮನಿ ಅಂದರೆ ಆ ಬೆಲೆಗೆ ಬಂದ ದುಡ್ಡನ್ನು ಕೂಡಿಸಿದ್ದು. 8 ಕೋಟಿ ಪ್ರೀ-ಮನಿಗೆ 2 ಕೋಟಿ ಬಂದರೆ ಪೋಸ್ಟ್-ಮನಿ 10 ಕೋಟಿ, ಹೂಡಿಕೆದಾರರ ಪಾಲು ಶೇ 20. ‘ಎಂಟು ಕೋಟಿ ವ್ಯಾಲ್ಯುಯೇಶನ್’ ಎಂದಷ್ಟೇ ಮಾತಾಡಿ ಕೈಕುಲುಕಿದರೆ, ಅವರ ಮನಸ್ಸಿನಲ್ಲಿ ಪೋಸ್ಟ್ ಇದ್ದರೆ ಅದೇ 2 ಕೋಟಿಗೆ ಶೇ 25 ಹೋಗುತ್ತದೆ.

ಈ 8 ಕೋಟಿ ಎಲ್ಲಿಂದ ಬಂತು? 14.4 ಲಕ್ಷ ಎಆರ್‌ಆರ್‌ಗೆ ಎಂಟು ಪಟ್ಟು ಕೊಟ್ಟರೂ 1.15 ಕೋಟಿಯಷ್ಟೇ. ನಿಜ ಹೇಳಬೇಕೆಂದರೆ ಆರಂಭದ ಸುತ್ತಿನಲ್ಲಿ ಬೆಲೆ ತಲೆಕೆಳಗಾಗಿ ಹುಟ್ಟುತ್ತದೆ. ಮುಂದಿನ 18 ತಿಂಗಳಿಗೆ ಎಷ್ಟು ದುಡ್ಡು ಬೇಕು ಎಂಬ ಲೆಕ್ಕ ಒಂದು ಕಡೆ. ಸ್ಥಾಪಕರ ಪಾಲು ತೀರಾ ಸವೆಯದಂತೆ ಎಷ್ಟು ಕೊಡಬಹುದು ಎಂಬ ರೂಢಿ, ಸಾಮಾನ್ಯವಾಗಿ ಶೇ 15ರಿಂದ 20, ಇನ್ನೊಂದು ಕಡೆ. 2 ಕೋಟಿಯನ್ನು 0.20ರಿಂದ ಭಾಗಿಸಿ, 10 ಕೋಟಿ ಪೋಸ್ಟ್. ತಂಡ, ಬೆಳವಣಿಗೆಯ ವೇಗ, ಇನ್ನೊಬ್ಬ ಹೂಡಿಕೆದಾರ ಬಾಗಿಲಲ್ಲಿ ಕಾಯುತ್ತಿರುವುದು, ಇವು ಆ ಅಂಕಿಯನ್ನು ಮೇಲೆ ಕೆಳಗೆ ಎಳೆಯುತ್ತವೆ. ಆದ್ದರಿಂದ ‘ಎಷ್ಟು ಬೆಲೆ?’ ಎಂದು ಕೇಳಿದರೆ ಅಂಕಿ ಒದರಬೇಡಿ. ಎಷ್ಟು ದುಡ್ಡು, ಯಾವುದಕ್ಕೆ, 18 ತಿಂಗಳಲ್ಲಿ ಅದು ಎಆರ್‌ಆರ್ ಅನ್ನು ಎಲ್ಲಿಗೆ ಒಯ್ಯುತ್ತದೆ ಎಂಬುದರಿಂದ ಶುರುಮಾಡಿ.

ಇದರ ಜೊತೆಗೆ ಕಾನೂನಿಗೊಂದು ವರದಿ ಬೇಕು. ಷೇರು ಹಂಚಿಕೆಗೆ ನೋಂದಾಯಿತ ಮೌಲ್ಯಮಾಪಕರ ವರದಿ, ವಿದೇಶದಲ್ಲಿರುವವರಿಂದ ದುಡ್ಡು ಬಂದರೆ ವಿದೇಶಿ ವಿನಿಮಯ ಕಾಯ್ದೆ (ಫೆಮಾ) ಪ್ರಕಾರ ಮರ್ಚೆಂಟ್ ಬ್ಯಾಂಕರ್ ಅಥವಾ ಸಿಎ ಪ್ರಮಾಣಪತ್ರ. ಆ ಬೆಲೆಗಿಂತ ಕಡಿಮೆಗೆ ವಿದೇಶದವರಿಗೆ ಷೇರು ಕೊಡುವಂತಿಲ್ಲ. ಈ ವರದಿಗಳಲ್ಲಿ ಹೆಚ್ಚು ಬಳಸುವ ವಿಧಾನ ಡಿಸಿಎಫ್. ಮುಂದೆ ಬರಲಿರುವ ದುಡ್ಡನ್ನು ಇಂದಿನ ಬೆಲೆಗೆ ಇಳಿಸುವುದು. ಐದು ವರ್ಷದ ನಂತರ ಬರುವ 1 ಕೋಟಿ, ವರ್ಷಕ್ಕೆ ಶೇ 30ರ ದರದಲ್ಲಿ ಇಳಿಸಿದರೆ ಇಂದಿಗೆ ಸುಮಾರು 26.9 ಲಕ್ಷ. ಶೇ 40ರಲ್ಲಿ 18.6 ಲಕ್ಷ. ದರ ಹತ್ತು ಅಂಶ ಬದಲಾದರೆ ಬೆಲೆಯ ಮೂರನೇ ಒಂದು ಭಾಗ ಮಾಯ. ಅಂದಮೇಲೆ ಆ ವರದಿಯನ್ನು ವೇದವಾಕ್ಯ ಎನ್ನಬೇಡಿ, ಹಾಗಂತ ಉಡಾಫೆಯೂ ಬೇಡ. ಮೌಲ್ಯಮಾಪಕರಿಗೆ ಒಂದು ಮುನ್ನಂದಾಜು, ಹೂಡಿಕೆದಾರರಿಗೆ ಇನ್ನೊಂದು ಕೊಡುವುದು ದೊಡ್ಡ ತಪ್ಪು. ನಿರ್ದೇಶಕರ ಸಭೆಯಲ್ಲಿ ಒಪ್ಪಿದ ಒಂದೇ ಪ್ರತಿ ಇರಲಿ.

ಏಂಜೆಲ್ ಟ್ಯಾಕ್ಸ್ ಬಗ್ಗೆ ಈಗಲೂ ಕೇಳುತ್ತಾರೆ. ಮಾರುಕಟ್ಟೆ ಬೆಲೆಗಿಂತ ಹೆಚ್ಚಿಗೆ ಪಡೆದ ದುಡ್ಡನ್ನು ಕಂಪನಿಯ ಆದಾಯವೆಂದು ಎಣಿಸುತ್ತಿದ್ದ ಆ ತೆರಿಗೆಯನ್ನು 2024ರ ಜುಲೈ ಬಜೆಟ್‌ನಲ್ಲಿ ತೆಗೆದುಹಾಕಿದರು. ಮೌಲ್ಯಮಾಪನದ ವರದಿ ಮಾತ್ರ ಮೇಲಿನ ಕಾರಣಗಳಿಗೆ ಈಗಲೂ ಬೇಕು.

7. ಬೆಲೆಗಿಂತ ಷರತ್ತು ದೊಡ್ಡದು

ಟರ್ಮ್ ಶೀಟ್ ಎಂಬ ನಾಲ್ಕೈದು ಪುಟದ ಕರಾರು ಪಟ್ಟಿ ಬಂದಾಗ ಎಲ್ಲರ ಕಣ್ಣು ಮೊದಲ ಪುಟದ ಅಂಕಿಯ ಮೇಲೆ. ಪೆಟ್ಟು ಬೀಳುವುದು ಒಳಪುಟಗಳಲ್ಲಿ.

ಇಸಾಪ್ ಪೂಲ್ ಮೊದಲು ನೋಡಿ. ಉದ್ಯೋಗಿಗಳಿಗೆ ಮುಂದೆ ಕೊಡಲೆಂದು ಎತ್ತಿಡುವ ಷೇರುಗಳ ಕಟ್ಟು ಇದು. ಪೂಲ್ ಇಲ್ಲದೆ ಲೆಕ್ಕ ಹೀಗೆ: 8 ಕೋಟಿ ಭಾಗಿಸು 1,00,000 ಷೇರು, ಒಂದಕ್ಕೆ 800 ರೂ., ಹೂಡಿಕೆದಾರರಿಗೆ 25,000 ಷೇರು. ಈಗ ಒಂದು ಸಾಲು ಸೇರುತ್ತದೆ: ‘ಹೂಡಿಕೆಯ ನಂತರ ಶೇ 10ರಷ್ಟು ಪೂಲ್ ಇರಬೇಕು, ಅದು ಪ್ರೀ-ಮನಿಯಲ್ಲಿ ಸೇರಿದೆ’. ಹೂಡಿಕೆದಾರರಿಗೆ 20, ಪೂಲ್‌ಗೆ 10, ಸ್ಥಾಪಕರಿಗೆ 70. ನಿಮ್ಮ 1,00,000 ಷೇರು ಶೇ 70 ಆಗಬೇಕೆಂದರೆ ಒಟ್ಟು 1,42,857. ಹೂಡಿಕೆದಾರರಿಗೆ 28,571 ಷೇರು, ಒಂದರ ಬೆಲೆ 700 ರೂ. ಮೊದಲ ಪುಟದಲ್ಲಿ ಈಗಲೂ 8 ಕೋಟಿ ಎಂದೇ ಇದೆ, ನಿಮ್ಮ ಕಂಪನಿಗೆ ಸಿಕ್ಕ ಬೆಲೆ 7 ಕೋಟಿ. ಪೂಲ್ ಬೇಡ ಎನ್ನಲಾಗದು. 18 ತಿಂಗಳಲ್ಲಿ ಯಾರ್‍ಯಾರನ್ನು ಸೇರಿಸಿಕೊಳ್ಳುತ್ತೀರಿ ಎಂಬ ಪಟ್ಟಿ ಇಟ್ಟು, ‘ನಮಗೆ ಶೇ 6 ಸಾಕು’ ಎಂದು ವಾದಿಸಬಹುದು.

ಎರಡನೆಯದು ಲಿಕ್ವಿಡೇಶನ್ ಪ್ರಿಫರೆನ್ಸ್. ಕಂಪನಿ ಮಾರಾಟವಾದಾಗ ಮೊದಲು ಯಾರ ಕೈಗೆ ದುಡ್ಡು ಎಂಬ ಕ್ರಮ. 2 ಕೋಟಿ ಹಾಕಿ ಶೇ 20 ಪಡೆದ ಹೂಡಿಕೆದಾರರಿದ್ದಾರೆ, ಕಂಪನಿ 6 ಕೋಟಿಗೆ ಮಾರಾಟವಾಯಿತು ಎನ್ನಿ. ‘ಒಂದು ಪಟ್ಟು, ನಾನ್-ಪಾರ್ಟಿಸಿಪೇಟಿಂಗ್’ ಎಂದಿದ್ದರೆ ಅವರು ಹಾಕಿದ 2 ಕೋಟಿ ಅಥವಾ ಶೇ 20ರ ಪಾಲಾದ 1.2 ಕೋಟಿ, ಎರಡರಲ್ಲಿ ದೊಡ್ಡದನ್ನು ಒಯ್ಯುತ್ತಾರೆ. ಉಳಿದವರಿಗೆ 4 ಕೋಟಿ. ‘ಪಾರ್ಟಿಸಿಪೇಟಿಂಗ್’ ಎಂದಿದ್ದರೆ ಮೊದಲು 2 ಕೋಟಿ, ಆಮೇಲೆ ಉಳಿದ 4ರಲ್ಲೂ ಶೇ 20. ಒಟ್ಟು 2.8 ಕೋಟಿ, ಉಳಿದವರಿಗೆ 3.2. ‘ಎರಡು ಪಟ್ಟು’ ಎಂದಿದ್ದರೆ ನೇರ 4 ಕೋಟಿ ಅವರಿಗೆ, ಉಳಿದವರಿಗೆ 2. ಒಂದು ಪದದ ಹೆಚ್ಚುಕಮ್ಮಿ, ಎರಡು ಕೋಟಿಯ ವ್ಯತ್ಯಾಸ. 10 ಕೋಟಿ ಬೆಲೆಗೆ ಎರಡು ಪಟ್ಟಿನ ಷರತ್ತು ಒಪ್ಪುವುದಕ್ಕಿಂತ 8 ಕೋಟಿಗೆ ಒಂದು ಪಟ್ಟಿನದು ಒಪ್ಪುವುದು ಲೇಸು.

ಮುಂದೆ ಕಡಿಮೆ ಬೆಲೆಗೆ ಷೇರು ಹೋದರೆ ಹಳೆಯ ಹೂಡಿಕೆದಾರರನ್ನು ಕಾಯುವ ಆ್ಯಂಟಿ-ಡೈಲ್ಯೂಶನ್ ಎಂಬ ಕಲಮಿನಲ್ಲಿ ‘ಫುಲ್ ರಾಚೆಟ್’ ಎಂದಿದ್ದರೆ ಒಪ್ಪಬೇಡಿ. ಮುಂದಿನ ಸುತ್ತಿನಲ್ಲಿ ಒಂದೇ ಒಂದು ಷೇರು 400 ರೂ.ಗೆ ಹೋದರೂ 800 ಕೊಟ್ಟವರಿಗೆ ದುಪ್ಪಟ್ಟು ಷೇರು ಸಿಕ್ಕುಬಿಡುತ್ತದೆ. ‘ಬ್ರಾಡ್-ಬೇಸ್ಡ್ ವೇಯ್ಟೆಡ್ ಆ್ಯವರೇಜ್’ ಕೇಳಿ, ಅದರಲ್ಲಿ ಹೊಸ ಷೇರು ಎಷ್ಟು ಎಂಬುದಕ್ಕೆ ತಕ್ಕಂತೆ ಮಾತ್ರ ಹೊಂದಾಣಿಕೆ. ಹೂಡಿಕೆದಾರರ ಒಪ್ಪಿಗೆಯಿಲ್ಲದೆ ಮಾಡಬಾರದ ಕೆಲಸಗಳ ಪಟ್ಟಿಯನ್ನೂ ಸಾಲುಸಾಲಾಗಿ ಓದಿ. ಹೊಸ ಷೇರು ಹೊರಡಿಸುವುದು ಅದರಲ್ಲಿರುವುದು ಸರಿ, 50,000 ರೂ. ಲ್ಯಾಪ್‌ಟಾಪ್ ಖರೀದಿ ಇರಬಾರದು.

ಟರ್ಮ್ ಶೀಟ್‌ಗೆ ಸಾಮಾನ್ಯವಾಗಿ ಕಾನೂನಿನ ಬಂಧನವಿಲ್ಲ. ಗೋಪ್ಯತೆ ಮತ್ತು ‘ಇಷ್ಟು ದಿನ ಬೇರೆಯವರ ಜೊತೆ ಮಾತಾಡುವಂತಿಲ್ಲ’ ಎಂಬ ಎರಡು ಕಲಮು ಮಾತ್ರ ಕಟ್ಟಿಹಾಕುತ್ತವೆ. ಆ ಅವಧಿ 30ರಿಂದ 45 ದಿನಕ್ಕೆ ಮೀರದಿರಲಿ.

8. ದುಡ್ಡು ಬರುವ ದಿನಗಳ ಕ್ರಮ

ಇಲ್ಲಿ ಕ್ರಮವೇ ಮುಖ್ಯ. ಹಿಂದುಮುಂದಾದರೆ ಸರಿಪಡಿಸಲು ವಕೀಲರ ಫೀಸಿಗೇ ಹೂಡಿಕೆಯ ಒಂದು ಪಾಲು ಹೋಗುತ್ತದೆ.

ಹೂಡಿಕೆದಾರರ ಕಡೆಯವರು ಕಾಗದಪತ್ರ ತಪಾಸಣೆ ಮುಗಿಸಿ, ಷೇರು ಖರೀದಿ ಮತ್ತು ಷೇರುದಾರರ ಒಪ್ಪಂದಗಳಿಗೆ ಸಹಿ ಆದ ಮೇಲೆ ಮೌಲ್ಯಮಾಪನ ವರದಿ ಪಡೆಯಿರಿ. ಅಧಿಕೃತ ಬಂಡವಾಳದಲ್ಲಿ ಪ್ರಿಫರೆನ್ಸ್ ಷೇರಿಗೆ ಜಾಗ ಇದೆಯೇ ನೋಡಿ. ಹೂಡಿಕೆದಾರರು ಕೇಳುವುದು ಸಾಮಾನ್ಯವಾಗಿ ಸಿಸಿಪಿಎಸ್, ಅಂದರೆ ಮುಂದೆ ಕಡ್ಡಾಯವಾಗಿ ಈಕ್ವಿಟಿ ಆಗುವ ಆದ್ಯತಾ ಷೇರು. ಷೇರುದಾರರ ಸಭೆಯಲ್ಲಿ ವಿಶೇಷ ನಿರ್ಣಯ ಮಾಡಿ, ಅದನ್ನು ಎಂಜಿಟಿ-14 ಎಂಬ ಫಾರಂನಲ್ಲಿ ಕಂಪನಿ ರಿಜಿಸ್ಟ್ರಾರ್‌ಗೆ ಸಲ್ಲಿಸಿ. ಸಲ್ಲಿಕೆಯಾದ ಮೇಲೆಯೇ ಪಿಎಎಸ್-4 ಎಂಬ ಆಹ್ವಾನ ಪತ್ರ ಹೂಡಿಕೆದಾರರಿಗೆ ಹೋಗಬೇಕು.

ದುಡ್ಡು ಪ್ರತ್ಯೇಕ ಬ್ಯಾಂಕ್ ಖಾತೆಗೆ ಬರಬೇಕು, ದಿನನಿತ್ಯದ ಕರೆಂಟ್ ಅಕೌಂಟಿಗೆ ಅಲ್ಲ. ಬರುವುದು ಹೂಡಿಕೆದಾರರ ಸ್ವಂತ ಖಾತೆಯಿಂದಲೇ ಆಗಿರಬೇಕು. ಹೆಂಡತಿಯ ಹೆಸರಿಗೆ ಷೇರು, ಗಂಡನ ಖಾತೆಯಿಂದ ದುಡ್ಡು ಅಂದರೆ ನಡೆಯುವುದಿಲ್ಲ. ನಗದು ಪೂರ್ತಿ ನಿಷಿದ್ಧ. ದುಡ್ಡು ಬಂದ 60 ದಿನದೊಳಗೆ ಷೇರು ಹಂಚಬೇಕು. ತಪ್ಪಿದರೆ ಮುಂದಿನ 15 ದಿನದಲ್ಲಿ ಹಿಂದಿರುಗಿಸಬೇಕು, ಅದೂ ತಪ್ಪಿದರೆ ಶೇ 12 ಬಡ್ಡಿ. ಹಂಚಿದ 15 ದಿನದೊಳಗೆ ಪಿಎಎಸ್-3 ಎಂಬ ಹಂಚಿಕೆಯ ವರದಿ ಸಲ್ಲಿಸಿ. ಸಲ್ಲಿಸುವ ತನಕ ಆ ದುಡ್ಡಿನಲ್ಲಿ ಒಂದು ರೂಪಾಯಿಯನ್ನೂ ಮುಟ್ಟುವಂತಿಲ್ಲ. ಸಂಬಳದ ದಿನ ಹತ್ತಿರ ಬಂತೆಂದು ಈ ಖಾತೆಯಿಂದ ಎತ್ತಿದವರು ಬಹಳ ಜನ, ಹಾಗಾಗಿ ರನ್‌ವೇ ಲೆಕ್ಕದಲ್ಲಿ ಈ ಒಂದೆರಡು ತಿಂಗಳನ್ನೂ ಸೇರಿಸಿಟ್ಟುಕೊಳ್ಳಿ. ನಮ್ಮ ಉದಾಹರಣೆಯಲ್ಲಿ 28,571 ಷೇರು ಗುಣಿಸು 700 ಮಾಡಿದರೆ 1,99,99,700 ರೂ. ಆಗುತ್ತದೆ. ಹೂಡಿಕೆದಾರರಿಗೆ ಮೊದಲೇ ಈ ಮೊತ್ತವನ್ನೇ ತಿಳಿಸಿ, ಸರಿಯಾಗಿ 2 ಕೋಟಿ ಕಳಿಸಿದರೆ ಹೆಚ್ಚುವರಿ 300 ರೂ.ಯನ್ನು ವಾಪಸ್ ಕಳಿಸುವ ಕೆಲಸ ಬೇರೆ.

ಹಂಚಿದ ಷೇರಿಗೆ ಶೇ 0.005 ಮುದ್ರಾಂಕ ಶುಲ್ಕ, ಇಲ್ಲಿ ಸಾವಿರ ರೂಪಾಯಿಯಷ್ಟೇ. ಷೇರು ಕಾಗದದಲ್ಲಲ್ಲ, ಎಲೆಕ್ಟ್ರಾನಿಕ್ ರೂಪದಲ್ಲಿರಬೇಕು ಎಂಬ ಡಿಮ್ಯಾಟ್ ನಿಯಮ ನಿಮ್ಮ ಕಂಪನಿಗೆ ಅನ್ವಯಿಸುವುದೇ ಎಂದು ಸಿಎಸ್ ಅವರನ್ನು ಕೇಳಿ, ಅನ್ವಯಿಸಿದರೆ ಷೇರನ್ನು ಗುರುತಿಸುವ ಐಎಸ್‌ಐಎನ್ ಸಂಖ್ಯೆಗೆ ಮೊದಲೇ ಅರ್ಜಿ ಹಾಕಿಡಿ. ದುಬೈ, ಸಿಂಗಪುರ, ಅಮೆರಿಕದಲ್ಲಿರುವ ಬಂಧುಗಳು ಹಾಕಿದ ದುಡ್ಡು ಸಣ್ಣ ಮೊತ್ತವಾದರೂ ಅದು ವಿದೇಶಿ ಹೂಡಿಕೆ ಅನ್ನಿಸಿಕೊಳ್ಳಬಹುದು. ಹಾಗಾದಾಗ ಹಂಚಿಕೆಯ 30 ದಿನದೊಳಗೆ ರಿಸರ್ವ್ ಬ್ಯಾಂಕಿಗೆ ಎಫ್‌ಸಿ-ಜಿಪಿಆರ್ ವರದಿ ಹೋಗಬೇಕು. ದುಡ್ಡು ಬಂದ ದಿನವೇ ಬ್ಯಾಂಕಿನಿಂದ ಹಣ ಸ್ವೀಕೃತಿಯ ಪ್ರಮಾಣಪತ್ರ ಮತ್ತು ಕಳಿಸಿದವರ ಕೆವೈಸಿ ವರದಿಗೆ ಬರೆದುಹಾಕಿ. ಕಳಿಸಿದ ಬ್ಯಾಂಕಿನಿಂದ ಆ ಕೆವೈಸಿ ಬರುವುದಕ್ಕೆ ವಾರಗಟ್ಟಲೆ ಹಿಡಿಯುತ್ತದೆ, 30 ದಿನದ ಗಡುವು ತಪ್ಪುವುದು ಹೆಚ್ಚಾಗಿ ಅಲ್ಲೇ.